ಮೂರನೆಯ ಗೇರು

ಎಂಜಿನ್ ಆರಿಸಿದ ಕಾರಿನಲ್ಲಿ ಕೂತು ಆರ್ಡಿತ್ ಗೇರು ಹಾಕುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಮೊದಲಿನಿಂದ. ನಿಂತ ಕಾರಿನಲ್ಲಿ ಮೂರನೆಯದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೀಳುತ್ತಿತ್ತು. ಅದರ ತಕರಾರೆಲ್ಲ ಓಡುವಾಗ. ಮುಂದೆ ಓಟದ ಸರದಿಗೆ ಕಾದ ಹತ್ತಾರು ಕಾರುಗಳ ಸಾಲು, ಹಿಂದೆಯೂ ಅಷ್ಟೇ; ಎಡಕ್ಕೆ ಆಳೆತ್ತರದ ಮೆಕ್ಕೆಜೋಳ, ಬಲಕ್ಕೆ ತಗಡಿನ ಮಾಡಿನ ಕೆಳಗೆ ಸ್ಯಾಂಡ್‌ವಿಚ್ಚಿಗೆ ಮಾಂಸ ಕರಿಯುವವರ ಹೊಗೆ. ಎರಡೆರಡು ಕಾರುಗಳು ಗರ್ಜಿಸಿ ಹೊರಟಾಗಲೆಲ್ಲ ಅವಳು ಕೂತ ಸೀಟಿನ ಸ್ಪ್ರಿಂಗುಗಳು ನಡುಗುತ್ತಿದ್ದವು. ಆ ನಡುಕ ಬೆನ್ನು ಹತ್ತಿ ಕುತ್ತಿಗೆಗೆ ಬಂದು ನಿಂತಾಗ ಅವಳಿಗೆ ಖುಷಿಯಾಗುತ್ತಿತ್ತು. ನಾಚಿಕೆಯಾಗುವಷ್ಟು ಖುಷಿ. ನಲವತ್ತೊಂಬತ್ತು ವರ್ಷದ ಹೆಂಗಸು, ವಾರಪೂರ್ತಿ ಶಾಲೆಯ ಹಳದಿ ಬಸ್ಸು ಓಡಿಸಿ ಮಕ್ಕಳನ್ನು ಇಳಿಸಿ ಹತ್ತಿಸುವವಳು, ಹೀಗೆ ಶನಿವಾರ ಮಧ್ಯಾಹ್ನದ ಬಿಸಿಲಲ್ಲಿ ಬೆವರುತ್ತ ಕೂತು ಒಬ್ಬಳೇ ಹಲ್ಲು ಕಿರಿಯುತ್ತಿರುವುದನ್ನು ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಬಾಯಿ ಮುಚ್ಚಿದಳು. ಮುಚ್ಚಿದ ಬಾಯೊಳಗೂ ನಗು ಇತ್ತು.

ನಾಚಿಕೆಗೆ ಇನ್ನೊಂದು ಕಾರಣವಿತ್ತು, ಅದನ್ನು ಅವಳು ಯಾರಿಗೂ ಹೇಳುವ ಹಾಗಿರಲಿಲ್ಲ. ಈ ಸೀಟು ಅವಳಿಗೆ ಸಿಕ್ಕಿದ್ದು ಅಣ್ಣನ ಮೊಣಕಾಲಿನಿಂದ. ವರ್ಲಿನ್ ಇಪ್ಪತ್ತು ಚಿಲ್ಲರೆ ವರ್ಷ ಈ ಹಳೆಯ ಚೆವೆಲ್ ಕಾರನ್ನು ಓಡಿಸಿದ್ದ. ಕಲ್ಲಿನಂಥ ಕ್ಲಚ್ಚನ್ನು ತುಳಿದೂ ತುಳಿದೂ ಎಡಮೊಣಕಾಲು ಸವೆದು, ಕಳೆದ ಚಳಿಗಾಲದಲ್ಲಿ ಅದನ್ನು ಕೊಯ್ದು ಒಳಗೆ ಲೋಹದ ಕೀಲು ಕೂರಿಸಿದರು. ಇನ್ನು ಕ್ಲಚ್ ತುಳಿಯುವ ಮಾತೇ ಬೇಡ ಎಂದು ಡಾಕ್ಟರು ಹೇಳಿದಾಗ ಆರ್ಡಿತ್ ಮಂಚದ ಪಕ್ಕದಲ್ಲೇ ನಿಂತಿದ್ದಳು. ಅಣ್ಣನ ಮುಖ ಗೋಡೆಗೆ ತಿರುಗಿತು. ಅವಳು ಅವನ ಹೆಗಲ ಮೇಲೆ ಕೈಯಿಟ್ಟು, ಏನು ಮಾಡೋಕಾಗುತ್ತೆ ವರ್ನ್, ಎಂದಳು. ಹಾಗೆನ್ನುವಾಗ ಅವಳ ಎದೆ ಡವಡವ ಹೊಡೆದುಕೊಂಡದ್ದು ದುಃಖಕ್ಕಲ್ಲ. ಹಾಗಾದರೆ ಕಾರು ಯಾರು ಓಡಿಸಬೇಕು ಎಂಬ ಒಂದೇ ಮಾತು ತಲೆಯಲ್ಲಿ ಕುಣಿಯುತ್ತಿತ್ತು. ಮಾರನೆಯ ವಾರ ಅವನ ಮನೆಗೆ ಕೋಳಿ ಸಾರು ಹೊತ್ತುಕೊಂಡು ಹೋದಳು, ಅವನು ಚಮಚ ಬಾಯಿಗಿಡುವ ಮುಂಚೆಯೇ ಕೀಲಿ ಎಲ್ಲಿದೆ ಎಂದು ಕೇಳಿದಳು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಕೇಳಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿಲ್ಲ.

ಅಪ್ಪ ಕೊಟ್ಟಿಗೆಯಲ್ಲಿ ಟ್ರಕ್ಕಿನ ಗೇರು ಬಿಚ್ಚಿಟ್ಟುಕೊಂಡು ವರ್ಲಿನ್‌ಗೆ ಪಾಠ ಹೇಳುವಾಗ ದೀಪ ಹಿಡಿಯುವ ಕೆಲಸ ಅವಳದ್ದು. ಅಲ್ಲಾಡಿಸಬೇಡ, ಎನ್ನುವುದಷ್ಟೇ ಅಪ್ಪ ಅವಳಿಗೆ ಆಡುತ್ತಿದ್ದ ಮಾತು. ಉಳಿದದ್ದೆಲ್ಲ ವರ್ಲಿನ್‌ಗೆ. ಹಲ್ಲು ಹೇಗೆ ಹಲ್ಲಿಗೆ ಕೂಡುತ್ತದೆ, ಯಾವುದು ಮೊದಲು ಬಿಡಬೇಕು, ಗೇರು ಕಿರುಚಿದರೆ ತಪ್ಪು ಯಾರದ್ದು. ಗೇರಿನ ಕೋಲನ್ನು ಗಟ್ಟಿಯಾಗಿ ಹಿಡಿ, ಅದಕ್ಕೆ ಯಜಮಾನ ಯಾರು ಅಂತ ಗೊತ್ತಾಗಬೇಕು, ಎಂದು ಅಪ್ಪ ವರ್ಲಿನ್‌ನ ಮುಷ್ಟಿಯ ಮೇಲೆ ತನ್ನ ಮುಷ್ಟಿಯಿಟ್ಟು ಹಿಚುಕುತ್ತಿದ್ದ. ದೀಪ ಹಿಡಿದವಳ ಮುಷ್ಟಿಯೂ ತನಗೆ ತಾನೇ ಬಿಗಿಯುತ್ತಿತ್ತು. ಹನ್ನೊಂದು ವರ್ಷದ ಹುಡುಗಿಗೆ ಅಸೂಯೆ ಎನ್ನುವುದು ಹೊಟ್ಟೆಯಲ್ಲಿ ಹುಟ್ಟುತ್ತದೋ ಕೈಯಲ್ಲಿ ಹುಟ್ಟುತ್ತದೋ ತಿಳಿದಿರಲಿಲ್ಲ. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಆ ಮುಷ್ಟಿ ಮಾತ್ರ ಇಬ್ಬರು ಮಕ್ಕಳಲ್ಲೂ ಉಳಿದಿತ್ತು. ಮುಂದಿನ ಕಾರು ಒಂದು ಮಾರು ಸರಿಯಿತು. ಆರ್ಡಿತ್ ಬ್ರೇಕು ಬಿಟ್ಟು ಕಾರನ್ನು ಇಳಿಜಾರಿನಲ್ಲಿ ತಾನಾಗಿ ಉರುಳಲು ಬಿಟ್ಟಳು.

ಕಲಿಸಿದವನು ವರ್ಲಿನ್‌ನೇ. ಧಾನ್ಯದ ಗೋದಾಮಿನ ಹಿಂದೆ ಭಾನುವಾರ ಖಾಲಿ ಬೀಳುವ ಜಾಗದಲ್ಲಿ, ಪಕ್ಕದ ಸೀಟಿನಲ್ಲಿ ಊರುಗೋಲು ಹಿಡಿದು ಕೂತುಕೊಂಡು. ಕೋಲು ಕಾಲಿಗಾಗಿ ಕೊಟ್ಟದ್ದು, ಅವನು ಅದನ್ನು ಮುಂದಿನ ಡ್ಯಾಶ್‌ಬೋರ್ಡಿನ ಹಲಗೆಗೆ ಬಡಿಯಲು ಬಳಸುತ್ತಿದ್ದ.

"ಏನೇ ಇದು, ಕ್ಲಚ್ ಬಿಡ್ತಾ ಇದೀಯೋ ಮಗೂನ ತೊಟ್ಟಿಲಲ್ಲಿ ಮಲಗಿಸ್ತಾ ಇದೀಯೋ?"

"ನಿಧಾನಕ್ಕೆ ಬಿಡು ಅಂತ ನೀನೇ ಅಂದೆ."

"ಅದು ಅಂಗಡಿಗೆ ಹೋಗೋಕೆ. ಇಲ್ಲಿ ಬಿಡೋದಲ್ಲ, ಕಾಲು ಕಿತ್ಕೊಳ್ಳೋದು. ಕೆಂಡ ತುಳಿದ್ರೆ ಏನ್ ಮಾಡ್ತೀಯ?"

"ನಿನ್ನ ಬೈತೀನಿ."

"ಬೈಯೋದು ಆಮೇಲೆ. ಮೊದಲು ಕಾಲು ತೆಗಿ."

ಮೊದಲ ದಿನ ಕಾರು ಹತ್ತಾರು ಸಲ ಕೆಮ್ಮಿ ನಿಂತುಹೋಯಿತು. ಎಂಜಿನ್ ಜೋರು ಮಾಡಿ ಕಾಲು ಕಿತ್ತರೆ ಹಿಂದಿನ ಟೈರುಗಳು ನಿಂತಲ್ಲೇ ತಿರುಗಿ ಜಲ್ಲಿ ಹಾರಿ ಗೋದಾಮಿನ ತಗಡಿಗೆ ಬಡಿಯಿತು. ಕಡಿಮೆ ಮಾಡಿದರೆ ಕಾರಿನ ಮೂಗು ಮುಗ್ಗರಿಸಿ ಇಬ್ಬರ ತಲೆಯೂ ಮುಂದಕ್ಕೆ ಬಂತು. ಹೆಚ್ಚಿಗೂ ಕಡಿಮೆಗೂ ನಡುವೆ ಎಲ್ಲೋ ಒಂದು ಕೂದಲೆಳೆಯಷ್ಟು ಜಾಗ, ಅದು ಅಂಗಾಲಿಗೆ ಗೊತ್ತಾಗಬೇಕು, ತಲೆಗಲ್ಲ. ಒಂದು ಭಾನುವಾರ ಅದು ಗೊತ್ತಾಯಿತು. ಕಾರು ಹಿಂಗಾಲ ಮೇಲೆ ಕುಕ್ಕರಿಸಿ, ಅವಳ ಬೆನ್ನನ್ನು ಸೀಟಿಗೆ ಒತ್ತಿ, ಜಲ್ಲಿಯ ಮೇಲೆಯೇ ಜಿಗಿದು ಹೊರಟಿತು. ಆರ್ಡಿತ್ ಕಿರುಚಿಕೊಂಡಳು. ವರ್ಲಿನ್ ಕೋಲಿನಿಂದ ಹಲಗೆಗೆ ಬಡಿದು, ಬಂತು ಕಣೇ ಬಂತು, ಎಂದು ಕೂಗಿದ. ಆ ಗಳಿಗೆಯಲ್ಲಿ ಅಣ್ಣನ ಮೇಲೆ ಅವಳಿಗೆ ಹುಟ್ಟಿದ ಪ್ರೀತಿಗೆ ಲೆಕ್ಕವಿಲ್ಲ. ಮರುಗಳಿಗೆಯೇ ಅವನು ಕಿಟಕಿಯಾಚೆ ಮುಖ ತಿರುಗಿಸಿ ಮೊಣಕಾಲು ನೀವಿಕೊಂಡದ್ದನ್ನೂ ನೋಡಿದಳು, ನೋಡದವಳಂತೆ ಎರಡನೆಯ ಗೇರು ಹಾಕಿದಳು.

ಹೊರಡುವುದನ್ನು ಕಲಿತಳು, ಒಂದರಿಂದ ಎರಡಕ್ಕೆ ನೇರ ಕೆಳಕ್ಕೆಳೆಯುವುದನ್ನೂ ಕಲಿತಳು, ಮೂರನೆಯದು ಮಾತ್ರ ಕೈಗೆ ಹತ್ತಲಿಲ್ಲ. ಎರಡು ಇರುವುದು ಎಡಗಡೆ ಕೆಳಗೆ, ಮೂರು ಬಲಗಡೆ ಮೇಲೆ. ಮೇಲಕ್ಕೆ ತಳ್ಳಿ, ಬಲಕ್ಕೆ ಸರಿಸಿ, ಮತ್ತೆ ಮೇಲಕ್ಕೆ ತಳ್ಳಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಎಷ್ಟು ಗಟ್ಟಿ ಹಿಡಿದರೂ ಗೇರಿನ ಕೋಲು ನಡುದಾರಿಯಲ್ಲಿ ಸಿಕ್ಕಿಬೀಳುತ್ತಿತ್ತು, ಇಲ್ಲವೇ ದಾರಿ ತಪ್ಪಿ ಒಂದರ ಬಾಗಿಲು ತಟ್ಟುತ್ತಿತ್ತು. ವರ್ಲಿನ್‌ನಿಗೂ ಮೂರನೆಯದು ಸಲೀಸಾಗಿ ಬಿದ್ದದ್ದು ಅವಳು ಕಂಡಿಲ್ಲ. ಅವನು ಹಲ್ಲು ಕಚ್ಚಿ, ಗೇರೂ ಹಲ್ಲು ಕಡಿದು, ಕ್ರಕ್ ಎನ್ನುವ ಸದ್ದಿನೊಂದಿಗೆ ಒಳಗೆ ನುಗ್ಗಿಸುತ್ತಿದ್ದ. ಊರಿನವರಿಗೆ ಆ ಕ್ರಕ್ ಗುರುತು. ಸ್ಟಕಿ ಮೂರಕ್ಕೆ ಹೋದ, ಎಂದು ಮನೆತನದ ಹೆಸರು ಹಿಡಿದು ಹೇಳುತ್ತಿದ್ದರು.

ಇವತ್ತು ಬೆಳಿಗ್ಗೆಯೂ ಅದೇ ಆಯಿತು. ಓಟ ಶುರುವಾಗುವ ಮುಂಚೆ ಎಲ್ಲರಿಗೂ ಒಂದೊಂದು ಸಲ ಓಡಿಸಿ ನೋಡಲು ಬಿಡುತ್ತಾರೆ. ಆರ್ಡಿತ್ ಚೆನ್ನಾಗಿಯೇ ಹೊರಟಳು, ಎರಡಕ್ಕೆ ಎಳೆದಳು, ಮೂರಕ್ಕೆ ತಳ್ಳಿದಾಗ ಕೋಲು ಗೋಡೆಗೆ ಬಡಿದ ಹಾಗೆ ನಿಂತಿತು, ಗೇರಿಲ್ಲದ ಎಂಜಿನ್ನು ಹಂದಿ ಕೊಯ್ದ ಹಾಗೆ ಅರಚಿಕೊಂಡಿತು. ಕಾಲು ತೆಗೆಯುವಷ್ಟರಲ್ಲಿ ಧ್ವನಿವರ್ಧಕದವನು, "ಅಗೋ ಕೇಳಿ, ಸ್ಟಕಿ ಮನೇವ್ರು ಬೋಲ್ಟು ಹುರೀತಾ ಇದಾರೆ! ವಾಸನೆ ಬಂತಾ?" ಎಂದ. ಮರದ ಮೆಟ್ಟಿಲುಗಳ ಮೇಲೆ ಕೂತ ಜನ ಘೊಳ್ಳೆಂದರು. ಅವರಲ್ಲಿ ಅವಳ ಬಸ್ಸಿನ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದರು. ಉಳಿದ ದೂರವನ್ನು ತಡವರಿಸಿಕೊಂಡು ಮುಗಿಸಿ, ವಾಪಸ್ಸು ಬರುವ ದಾರಿಯಲ್ಲಿ ಅವಳು ಕಿಟಕಿ ಗಾಜು ಏರಿಸಿಕೊಂಡಳು. ಒಳಗೆ ಒಲೆಯಷ್ಟು ಸೆಕೆ. ಇಳಿಸಲಿಲ್ಲ.

ವರ್ಲಿನ್ ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಸುಮ್ಮನೆ ಬಿಳಿ ಬೂಟ್ ಪಾಲಿಶಿನ ಸೀಸೆ ತೆಗೆದು ಗಾಜಿನ ಮೇಲೆ ಬರೆಯತೊಡಗಿದ. ಇಲ್ಲಿನ ಪದ್ಧತಿ ಅದು. ನನ್ನ ಕಾರು ಇಷ್ಟು ಸೆಕೆಂಡಿನಲ್ಲಿ ಕಾಲು ಮೈಲಿ ಮುಗಿಸುತ್ತದೆ ಎಂದು ಪ್ರತಿಯೊಬ್ಬರೂ ಮೊದಲೇ ಗಾಜಿನ ಮೇಲೆ ಬರೆದುಕೊಳ್ಳಬೇಕು. ನಿಧಾನದ ಕಾರಿಗೆ ಅಷ್ಟು ಮುಂಚಿತವಾಗಿ ಹಸಿರು ದೀಪ ಸಿಗುತ್ತದೆ, ವೇಗದ ಕಾರು ಹಿಂದಿನಿಂದ ಅಟ್ಟಿಸಿಕೊಂಡು ಬರಬೇಕು. ಹೀಗಾಗಿ ಯಾರು ಯಾರೊಂದಿಗೆ ಬೇಕಾದರೂ ಓಡಬಹುದು. ಆದರೆ ಬರೆದುದಕ್ಕಿಂತ ಬೇಗ ಮುಗಿಸಿದೆಯೋ, ಸೋತೆ. ನಿನ್ನ ಕಾರು ನಿನಗೇ ಗೊತ್ತಿಲ್ಲವೆಂದು ಅರ್ಥ, ಇಲ್ಲವೇ ಬೇಕೆಂದೇ ಸುಳ್ಳು ಬರೆದಿದ್ದೀಯೆಂದು. ವರ್ಲಿನ್ ತನ್ನ ಕಾಲದಲ್ಲಿ ಹದಿಮೂರೂಕಾಲು ಸೆಕೆಂಡು ಎಂದು ಬರೆಯುತ್ತಿದ್ದ. ಈಗ, ಅವಳನ್ನು ಒಂದು ಮಾತೂ ಕೇಳದೆ, ಹದಿನಾಲ್ಕು ಎಂದು ಬರೆದ. ಅಂಕಿಯನ್ನು ಎರಡೆರಡು ಸಲ ತೀಡಿ ದಪ್ಪ ಮಾಡಿದ.

"ಹದಿನಾಲ್ಕಾ?" ಎಂದಳು ಆರ್ಡಿತ್.

"ಬೆಳಿಗ್ಗೆ ಓಡಿಸಿದ್ದು ಅದಕ್ಕಿಂತ ಹೆಚ್ಚು. ದಾಕ್ಷಿಣ್ಯಕ್ಕೆ ಇಷ್ಟು ಬರ್ದಿದೀನಿ."

ಪಕ್ಕದಲ್ಲಿ ತನ್ನ ಕೆಂಪು ಕಾರಿನ ಬಾಗಿಲಿಗೆ ಒರಗಿ ಲೆಮನೇಡ್ ಕುಡಿಯುತ್ತಿದ್ದ ಗೇಲನ್ ಕಿಸಕ್ಕೆಂದ. ಗೇಲನ್ ಹಳೆಯ ಕಾರುಗಳನ್ನು ಮೊದಲಿದ್ದ ಹಾಗೆ ಸರಿಪಡಿಸಿ ಮಾರುವವನು. ಚೆವೆಲ್ಲಿನ ಈ ನಾಲ್ಕು ಗೇರಿನ ಪೆಟ್ಟಿಗೆಯ ಮೇಲೆ ಅವನ ಕಣ್ಣು ಬಿದ್ದು ವರ್ಷಗಳಾಗಿದ್ದವು. ವರ್ಲಿನ್‌ನ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ಒಂದು ಆಟೊಮ್ಯಾಟಿಕ್ ಪೆಟ್ಟಿಗೆ ಆಗಲೇ ಬಂದು ಕೂತಿತ್ತು. ಅದನ್ನು ಕೂರಿಸಿದರೆ ಕ್ಲಚ್ಚೇ ಬೇಡ, ಗೇರೂ ತಾನೇ ಬೀಳುತ್ತದೆ, ವರ್ಲಿನ್ ಮತ್ತೆ ತನ್ನ ಸೀಟಿನಲ್ಲಿ ಕೂರಬಹುದು. ಅಣ್ಣ ತಂಗಿಯ ನಡುವೆ ಮಾತಾಗಿತ್ತು. ಈ ಬೇಸಿಗೆ ಮುಗಿಯುವುದರೊಳಗೆ ಆರ್ಡಿತ್ ಒಂದೇ ಒಂದು ಸುತ್ತು ಗೆದ್ದರೆ ಗೇರು ಉಳಿಯುತ್ತದೆ, ಕಾರು ಅವಳದ್ದು. ಇಲ್ಲವಾದರೆ ಸೋಮವಾರ ಗೇಲನ್ ಬಂದು ಪೆಟ್ಟಿಗೆ ಬಿಚ್ಚಿಕೊಂಡು ಹೋಗುತ್ತಾನೆ. ಇವತ್ತು ಕೊನೆಯ ಶನಿವಾರ. ಜೋಡಿಗಳಿಗಾಗಿ ಚೀಟಿ ಎತ್ತಿದಾಗ ಅವಳ ಎದುರು ಬಂದದ್ದು ಗೇಲನ್‌ನೇ.

"ಮೇಡಂ, ಸ್ವಲ್ಪ ಹುಷಾರಾಗಿ ಓಡಿಸಿ," ಎಂದ ಅವನು. "ಆ ಗೇರಿನ ಹಲ್ಲೆಲ್ಲ ಉದುರಿಸ್ಬಿಟ್ರೆ ಸೋಮವಾರ ನಾನು ಬೋಳು ಚಕ್ರ ಹೊತ್ಕೊಂಡು ಹೋಗ್ಬೇಕಾಗುತ್ತೆ."

"ನಿನ್ನ ಕಾರಲ್ಲಿ ಎರಡೇ ಪೆಡಲ್ ಅಲ್ವಾ ಗೇಲನ್? ಇನ್ನೊಂದು ಕಾಲನ್ನ ಮನೇಲೇ ಬಿಟ್ಟು ಬರ್ತೀಯಾ?"

"ಅದು ಲೆಮನೇಡ್ ಹಿಡ್ಕೊಳ್ಳೋಕೆ."

ವರ್ಲಿನ್ ನಕ್ಕ. ಅವನು ಗೇಲನ್‌ನ ಮಾತಿಗೆ ನಕ್ಕನೋ ತಂಗಿಯ ಮಾತಿಗೋ ಆರ್ಡಿತ್‌ಗೆ ತಿಳಿಯಲಿಲ್ಲ, ಅದು ಚುಚ್ಚಿತು. ತಂಗಿ ಸೋಲಲಿ ಎಂದು ಅವನು ಕಾಯುತ್ತಿದ್ದಾನೆಯೇ? ಕಾಯುತ್ತಿದ್ದರೆ ತಪ್ಪೇನು? ಅವನ ಕಾಲು ಹೋದದ್ದಕ್ಕೆ ತಾನು ಕುಣಿದವಳಲ್ಲವೇ? ಹೀಗೆ ಒಬ್ಬರ ಕೇಡಿನಲ್ಲಿ ಇನ್ನೊಬ್ಬರ ಸೀಟು ಇರುವಾಗ ಒಡಹುಟ್ಟಿದವರು ಎನ್ನುವುದಕ್ಕೆ ಏನರ್ಥ? ಸಾಲಿನಲ್ಲಿ ಕೂತು ಇದನ್ನೆಲ್ಲ ಯೋಚಿಸುತ್ತಲೇ ಅವಳು ಹೆಲ್ಮೆಟ್ಟು ಹಾಕಿಕೊಂಡಳು, ಹಾಕಿಕೊಂಡ ಕೂಡಲೇ ಯೋಚನೆಗಳ ಸದ್ದು ಕಡಿಮೆಯಾಗಿ ತನ್ನ ಉಸಿರು ಮಾತ್ರ ಕೇಳಿಸಿತು. ಗಾಜಿನ ಮೇಲಿನ ಹದಿನಾಲ್ಕು ಒಳಗಿನಿಂದ ಉಲ್ಟಾ ಕಾಣುತ್ತಿತ್ತು. ಮುಂದೆ ಮೂರೇ ಜೋಡಿ ಉಳಿದಿದ್ದವು. ಕೀಲಿ ತಿರುಗಿಸಿದಳು. ಎಂಜಿನ್ನು ಒಮ್ಮೆ ಗೊಣಗಿ, ತೊಡೆಗಳೆರಡನ್ನೂ ನಡುಗಿಸಿಕೊಂಡು ಎದ್ದಿತು. ಅಂಗೈ ಬೆವರಿ ಗೇರಿನ ಗುಂಡು ಜಾರುತ್ತಿತ್ತು, ಪ್ಯಾಂಟಿಗೆ ಒರೆಸಿದಳು, ಮತ್ತೆ ಬೆವರಿತು.

ನೀರು ಚೆಲ್ಲಿದ ಜಾಗಕ್ಕೆ ಬಂದು ಹಿಂದಿನ ಟೈರುಗಳನ್ನು ಅದರಲ್ಲಿ ತಿರುಗಿಸಿದಳು. ಒದ್ದೆ ಟೈರು ಬಿಸಿಯಾಗಿ ಬಿಳಿಯ ಹೊಗೆ ಎದ್ದು ಕಿಟಕಿಯಿಂದ ಒಳಗೆ ನುಗ್ಗಿತು, ಸುಟ್ಟ ರಬ್ಬರಿನ ವಾಸನೆ ಗಂಟಲಿಗಿಳಿಯಿತು. ಆ ವಾಸನೆ ಅವಳಿಗೆ ಎಷ್ಟು ಇಷ್ಟವೆಂದರೆ ಶನಿವಾರ ರಾತ್ರಿ ತಲೆ ತೊಳೆಯದೆ ಮಲಗುತ್ತಿದ್ದಳು. ಗೆರೆಯ ಹತ್ತಿರ ನಿಂತಿದ್ದ ಮನುಷ್ಯ ಎರಡು ಬೆರಳಿನಿಂದ ಬಾ ಬಾ ಎಂದು ಕರೆದ. ಇಂಚಿಂಚಾಗಿ ಮುಂದೆ ಸರಿದಳು. ದೀಪದ ಕಂಬದಲ್ಲಿ ಮೇಲಿನ ಪುಟ್ಟ ದೀಪ ಹತ್ತಿತು, ಆಮೇಲೆ ಅದರ ಕೆಳಗಿನದು. ಇನ್ನು ಹಿಂದೆ ಹೋಗುವಂತಿಲ್ಲ. ಪಕ್ಕದ ಗೆರೆಯಲ್ಲಿ ಗೇಲನ್‌ನ ಕೆಂಪು ಕಾರು ಬಂದು ನಿಂತದ್ದು ನೆರಳಿನಂತೆ ಕಣ್ಣಂಚಿಗೆ ಬಿತ್ತು. ಅವನು ಇನ್ನೂ ಒಂದು ಸೆಕೆಂಡು ಕಾಯಬೇಕು, ಹಸಿರು ಅವಳಿಗೆ ಮೊದಲು. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಎಂಜಿನ್ನನ್ನು ಏರಿಸುತ್ತ. ಏರಲಿ, ಇನ್ನೂ ಸ್ವಲ್ಪ, ಸಾಕು, ಅಲ್ಲಿ. ಅಂಗಾಲಿಗೆ ಆ ಕೂದಲೆಳೆಯ ಜಾಗ ಸಿಕ್ಕಿತು. ಹಳದಿ ಹತ್ತಿತು. ಇನ್ನೊಂದು ಹಳದಿ; ಹಸಿರಿಗೆ ಕಾದರೆ ತಡ. ಮೂರನೆಯ ಹಳದಿ ಹತ್ತುವುದಕ್ಕೂ ಅವಳ ಕಾಲು ಕೆಂಡದ ಮೇಲಿಂದ ಎದ್ದ ಹಾಗೆ ಏಳುವುದಕ್ಕೂ ಸರಿಯಾಯಿತು.

ಚೆವೆಲ್ ಕುಕ್ಕರಿಸಿ ಜಿಗಿಯಿತು. ಹೊಟ್ಟೆ ಬೆನ್ನಿಗಂಟಿತು. ಮುಂದಿನ ಮೂಗು ಮೇಲೆದ್ದು ರಸ್ತೆ ಕಾಣದೆ ಬರೀ ಆಕಾಶ ಕಂಡಿತು, ಆರ್ಡಿತ್‌ಳ ಗಂಟಲಿಂದ ಸದ್ದೊಂದು ತಾನಾಗಿ ಹೊರಟಿತು. ಎರಡಕ್ಕೆ ಎಳೆದಳು, ಬಿತ್ತು. ಟೈರು ಚೀರಿ ನೆಲ ಕಚ್ಚಿತು. ಎಂಜಿನ್ನಿನ ಸ್ವರ ಏರುತ್ತ ಏರುತ್ತ ಹೋಗಿ ಇನ್ನು ಮೇಲಿಲ್ಲ ಎನ್ನುವಲ್ಲಿಗೆ ಬಂದಾಗ ಕೈ ಮೂರಕ್ಕೆಂದು ಗುಂಡನ್ನು ಹಿಡಿಯಹೋಯಿತು. ಬೆವರಿಗೆ ಹಿಡಿತ ಜಾರಿತು. ಮುಷ್ಟಿ ಕೂಡಲಿಲ್ಲ. ಬೆರಳುಗಳು ಬಿಚ್ಚಿಕೊಂಡ ಬರಿಯ ಅಂಗೈ ಮಾತ್ರ ಗುಂಡಿನ ಹಿಂದೆ ಉಳಿಯಿತು. ದಿನಕ್ಕೆ ನೂರು ಸಲ ಬಸ್ಸಿನ ಬಾಗಿಲ ಹಿಡಿಕೆಯನ್ನು, ಹಿಡಿಯದೆ, ಅಂಗೈಯಿಂದ ಒಮ್ಮೆ ಒತ್ತಿ ಬಿಟ್ಟುಬಿಡುವ ಕೈ ಅದು. ಒತ್ತಿದರೆ ಸಾಕು, ಉಳಿದದ್ದನ್ನು ಬಾಗಿಲೇ ನೋಡಿಕೊಳ್ಳುತ್ತದೆ. ಕೈ ಅವಳನ್ನು ಕೇಳಲೇ ಇಲ್ಲ. ಒತ್ತಿತು. ಕೋಲು ಮೇಲೆ ಹೋಯಿತು, ಒಳಗಿನ ಸ್ಪ್ರಿಂಗು ಅದನ್ನು ಬಲಕ್ಕೆ ತಾನೇ ಕರೆದುಕೊಂಡಿತು, ಮತ್ತೆ ಮೇಲೆ ಹೋಯಿತು. ಸದ್ದಿಲ್ಲ. ಕ್ರಕ್ ಇಲ್ಲ, ಅರಚಾಟವಿಲ್ಲ. ಬಿದ್ದಿತೋ ಇಲ್ಲವೋ ಎಂದು ಅವಳು ಅನುಮಾನಿಸುವಷ್ಟರಲ್ಲಿ ಕಾರು ಅವಳ ಬೆನ್ನಿಗೆ ಇನ್ನೊಂದು ಗುದ್ದು ಗುದ್ದಿತ್ತು.

ಇದು ಇಷ್ಟೇನಾ! ಇಷ್ಟು ವರ್ಷ, ಅಪ್ಪನ ಮುಷ್ಟಿ, ವರ್ಲಿನ್‌ನ ಹಲ್ಲುಕಡಿತ, ತಾನು ರಾತ್ರಿಯೆಲ್ಲ ದಿಂಬಿನ ಮೇಲೆ ಮಾಡಿದ ಅಭ್ಯಾಸ, ಎಲ್ಲ ಇಷ್ಟಕ್ಕಾ! ಆರ್ಡಿತ್ ಗಟ್ಟಿಯಾಗಿ ನಗುತ್ತಿದ್ದಳು. ಬೇಲಿಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಾಗಿದ್ದವು, ಜೋಳದ ಹೊಲ ಬರೀ ಹಸಿರು ಬಣ್ಣವಾಗಿತ್ತು. ನಾಲ್ಕಕ್ಕೆ ನೇರ ಕೆಳಕ್ಕೆಳೆದಳು, ಎಂಜಿನ್ನು ದೊಡ್ಡದೊಂದು ಉಸಿರು ಬಿಟ್ಟು ಹಾಡಿಗೆ ಇಳಿದ ಹಾಗಾಯಿತು. ಆಗಲೇ ಅವಳ ಕಣ್ಣು ಕನ್ನಡಿಗೆ ಹೋಯಿತು. ಗೇಲನ್ ಇಷ್ಟು ಹೊತ್ತಿಗೆ ಅವಳ ಬಾಗಿಲ ಪಕ್ಕಕ್ಕೆ ಬಂದಿರಬೇಕಿತ್ತು. ಬಂದಿರಲಿಲ್ಲ. ಕನ್ನಡಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕೆಂಪಾಗಿ ಎಲ್ಲೋ ಹಿಂದೆ ಇದ್ದ. ಅವನ ಕಾರು ತಪ್ಪುವ ಕಾರಲ್ಲ. ಹಾಗಾದರೆ ತಾನು ಬರೆದುಕೊಂಡಿದ್ದಕ್ಕಿಂತ ಬೇಗ ಹೋಗುತ್ತಿದ್ದೇನೆ, ಹದಿನಾಲ್ಕಕ್ಕಿಂತ ಎಷ್ಟೋ ಬೇಗ. ಆ ಕ್ಷಣದಲ್ಲಿ ಅವಳಿಗೆ ಎಲ್ಲವೂ ಗೊತ್ತಿತ್ತು, ನೀರಿನಲ್ಲಿ ತಳ ಕಂಡಷ್ಟು ಸ್ಪಷ್ಟವಾಗಿ. ಬಲಗಾಲನ್ನು ಒಂದೇ ಒಂದು ಸಲ ಎತ್ತಿ, ಬ್ರೇಕಿಗೆ ಒಂದಿಷ್ಟು ತಾಗಿಸಿದರೆ ಸಾಕು. ಕಾರು ನಿಧಾನವಾಗುತ್ತದೆ, ಹದಿನಾಲ್ಕರ ಆಚೆ ಬೀಳುತ್ತದೆ, ಗೇಲನ್‌ಗಿಂತ ಮುಂಚೆ ಗೆರೆ ದಾಟುತ್ತಾಳೆ, ಗೆಲ್ಲುತ್ತಾಳೆ. ಗೇರು ಉಳಿಯುತ್ತದೆ. ಕಾರು ಅವಳದ್ದಾಗುತ್ತದೆ. ಇಲ್ಲಿ ಓಡಿಸುವ ಎಲ್ಲರೂ ಹಾಗೆಯೇ ಮಾಡುತ್ತಾರೆ, ಅದರಲ್ಲಿ ಅವಮಾನವೇನಿಲ್ಲ. ಎತ್ತು, ಎಂದು ಕಾಲಿಗೆ ಹೇಳಿದಳು. ಕಾಲು ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಕೇಳುತ್ತಿತ್ತು, ಹೇಳಿದವಳಿಗೇ ಮನಸ್ಸಿರಲಿಲ್ಲ. ಹುಟ್ಟಿದಂದಿನಿಂದ ನಿಧಾನ, ನಿಧಾನ ಎಂದು ಹೇಳಿಸಿಕೊಂಡವಳು ಈ ಒಂದು ಸಲ, ನಾಲ್ಕನೆಯ ಗೇರು ಹೀಗೆ ಹಾಡುತ್ತಿರುವಾಗ, ಯಾರೋ ಗಾಜಿನ ಮೇಲೆ ಬರೆದ ಅಂಕಿಗೆ ತಕ್ಕಂತೆ ತನ್ನನ್ನು ಕತ್ತರಿಸಿಕೊಳ್ಳಬೇಕೇ? ಆರ್ಡಿತ್ ಕಾಲನ್ನು ಇನ್ನೂ ತಳಕ್ಕೆ ಒತ್ತಿ ಗೆರೆ ದಾಟಿದಳು.

ಗೆಲುವಿನ ದೀಪ ಗೇಲನ್‌ನ ಸಾಲಿನಲ್ಲಿ ಹತ್ತಿತು. ಅವಳು ಅದನ್ನು ನೋಡಿದಳು, ಆದರೂ ಸ್ಟಿಯರಿಂಗಿಗೆ ಅಂಗೈಯಿಂದ ಬಡಿದು ಬಡಿದು ಕೂಗುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಮೂಗೂ ಸೋರುತ್ತಿತ್ತು, ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳಲಾಗದೆ ಇನ್ನಷ್ಟು ನಗು ಬಂತು. ವಾಪಸ್ಸಿನ ದಾರಿಯಲ್ಲಿ ಗೂಡಂಗಡಿಯಂಥ ಕಟ್ಟೆಯಿಂದ ಸಮಯದ ಚೀಟಿ ಕೊಡುವ ಹೆಂಗಸು ಕೈ ಚಾಚಿ, "ಸೋತಿದೀಯ ಕಣೇ, ಅದೇನು ಮದುವೆಮನೆ ಥರ ನಗ್ತಾ ಇದೀಯ!" ಎಂದಳು. ಹದಿಮೂರೂವರೆ. ವರ್ಲಿನ್‌ನ ಹದಿಮೂರೂಕಾಲಿನಷ್ಟು ವೇಗವಿಲ್ಲ, ಆದರೆ ಹದಿನಾಲ್ಕಂತೂ ಅಲ್ಲವೇ ಅಲ್ಲ. ಚೀಟಿಯನ್ನು ತುಟಿಗಳಲ್ಲಿ ಕಚ್ಚಿಕೊಂಡು ಹೊರಟಳು. ಆಗ, ಕಾರು ನಡಿಗೆಯಷ್ಟು ನಿಧಾನವಾದ ಮೇಲೆ, ಒಂದು ಕೆಟ್ಟ ಯೋಚನೆ ಬಂದು ಪಕ್ಕದಲ್ಲಿ ಕೂತಿತು. ವರ್ಲಿನ್ ಬೇಕೆಂದೇ ಹದಿನಾಲ್ಕು ಬರೆದನೇ? ತಾನು ಚೆನ್ನಾಗಿ ಓಡಿಸಿದರೂ ಸೋಲಲಿ, ಕೆಟ್ಟದಾಗಿ ಓಡಿಸಿದರೂ ಸೋಲಲಿ ಎಂದು? ಇಲ್ಲ, ಅವನು ಅಂಥವನಲ್ಲ, ಎಂದು ಕೂಡಲೇ ಅನ್ನಿಸಿತು, ಹಾಗನ್ನಿಸಿದ್ದೇ ಇನ್ನೂ ನೋವು ಕೊಟ್ಟಿತು. ಮೋಸವಾಗಿದ್ದರೆ ಜಗಳವಾಡಬಹುದಿತ್ತು. ಅವನು ಮನಸಾರೆ ನಂಬಿ ಬರೆದಿದ್ದ. ತಂಗಿ ಎಂದರೆ ಹದಿನಾಲ್ಕು.

ವರ್ಲಿನ್ ತಮ್ಮ ಜಾಗದಲ್ಲಿರಲಿಲ್ಲ. ಬೇಲಿಯ ಕಡೆಯಿಂದ ಕುಂಟುತ್ತ ಬರುತ್ತಿದ್ದ, ಕೋಲನ್ನು ನೆಲಕ್ಕೆ ಊರದೆ ಕಂಕುಳಲ್ಲಿ ಸಿಕ್ಕಿಸಿಕೊಂಡು. ಬಂದವನೇ ಚೀಟಿಯನ್ನು ಅವಳ ತುಟಿಯಿಂದ ಎಳೆದುಕೊಂಡು ಓದಿದ.

"ಕಾಲು ಎತ್ತಬೇಕಿತ್ತು," ಎಂದ.

"ಗೊತ್ತು."

"ಗೇಲನ್ ಎಲ್ಲಿದ್ದ ಅಂತ ನೋಡಿದ್ಯಾ?"

"ನೋಡ್ದೆ. ಕನ್ನಡೀಲಿ ಇಷ್ಟೇ ಇಷ್ಟು ಇದ್ದ."

"ಮತ್ತೆ?"

"ಎತ್ತೋಕೆ ಮನಸ್ಸು ಬರ್ಲಿಲ್ಲ ವರ್ನ್. ನೀನಾದ್ರೆ ಎತ್ತುತಿದ್ಯಾ?"

ಅವನು ಗಾಜಿನ ಮೇಲಿನ ಅಂಕಿಯನ್ನು ನೋಡಿದ, ಆಮೇಲೆ ಅಂಗಿಯ ತೋಳನ್ನು ಕೈಗೆಳೆದುಕೊಂಡು ಅದನ್ನು ಉಜ್ಜತೊಡಗಿದ. "ಬೆಳಿಗ್ಗೆ ನೀನು ಓಡಿಸಿದ್ದು ನೋಡಿ ಬರ್ದೆ."

"ಮಧ್ಯಾಹ್ನಾನೂ ಹಂಗೇ ಓಡಿಸ್ತೀನಿ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೆ." ಉಜ್ಜುವುದನ್ನು ನಿಲ್ಲಿಸಿ, "ಕೇಳ್ಬೇಕಿತ್ತು ನಿನ್ನ," ಎಂದ.

ಅಷ್ಟರಲ್ಲಿ ಗೇಲನ್ ಹೆಲ್ಮೆಟ್ಟನ್ನು ಬಕೆಟ್ಟಿನಂತೆ ನೇತಾಡಿಸಿಕೊಂಡು ಬಂದ. ಗೆದ್ದವನ ಮುಖ ಸ್ವಲ್ಪ ಪೆಚ್ಚಾಗಿತ್ತು. "ನಿಮ್ಮ ಹಿಂದಿನ ಬಂಪರು ಬಿಟ್ಟು ಬೇರೇನೂ ನೋಡ್ಲಿಲ್ಲ ಮೇಡಂ ನಾನು," ಎಂದು, ವರ್ಲಿನ್ ಕಡೆ ತಿರುಗಿ, "ಮತ್ತೆ, ಸೋಮವಾರ ಬೆಳಿಗ್ಗೆ ಟ್ರಕ್ ತರ್ಲಾ?" ಎಂದು ಕೇಳಿದ. ಆರ್ಡಿತ್‌ಳ ಖುಷಿ ಅಲ್ಲಿಗೆ ನಿಂತಿತು. ಮಾತು ಮಾತೇ. ಒಂದು ಸುತ್ತು ಗೆಲ್ಲಬೇಕು ಎಂದಿತ್ತು, ಗೆಲ್ಲಲಿಲ್ಲ. ಗೆಲ್ಲಬಹುದಾಗಿದ್ದನ್ನು ಕೈಯಾರೆ ಬಿಟ್ಟಳು. ಕೇಳಿಕೊಳ್ಳಬಾರದು ಎಂದು ಹಲ್ಲು ಕಚ್ಚಿ ಕಾರಿನಿಂದಿಳಿದು ನಿಂತಳು.

ವರ್ಲಿನ್ ಗೇಲನ್‌ನ ಮಾತು ಕೇಳಿಸದವನಂತಿದ್ದ. "ನಾನು ಬೇಲಿ ಹತ್ರ ಕಿವಿ ಕೊಟ್ಕೊಂಡು ನಿಂತಿದ್ದೆ," ಎಂದ ತಂಗಿಗೆ. "ಮೂರನೇದು ಬಿದ್ದ ಸದ್ದೇ ಬರ್ಲಿಲ್ಲ. ತಪ್ತು ಅಂದ್ಕೊಂಡೆ. ನೋಡಿದ್ರೆ ಕಾರು ಹೋಗ್ತಾನೇ ಇದೆ. ಏನ್ ಮಾಡ್ದೆ? ಕೈ ಹೆಂಗಿಟ್ಟಿದ್ದೆ?"

"ಹಿಡ್ಕೊಳ್ಳೇ ಇಲ್ಲ."

"ಅಂದ್ರೆ?"

"ಹಿಡಿಯೋದು ಬೇಡ. ಅಂಗೈ ಬಿಚ್ಚಿ ಮೇಲಕ್ಕೆ ಒತ್ತಿ ಬಿಟ್ಬಿಡೋದು. ಬಲಕ್ಕೆ ಅದೇ ಹೋಗುತ್ತೆ."

ವರ್ಲಿನ್ ಗಾಳಿಯಲ್ಲಿ ಅಂಗೈ ಬಿಚ್ಚಿ ಒತ್ತಿದ. ಮುಷ್ಟಿ ಕಟ್ಟಿ ಒತ್ತಿದ. ಮತ್ತೆ ಬಿಚ್ಚಿದ. ಆಮೇಲೆ ಊರುಗೋಲನ್ನು ಗೇಲನ್‌ನ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ಚೆವೆಲ್ಲಿನ ಸೀಟಿನಲ್ಲಿ ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಚಳಿಗಾಲದ ನಂತರ ಅವನು ಆ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಕಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಲು ಹೋದ, ಅದು ಅರ್ಧಕ್ಕೂ ಇಳಿಯಲಿಲ್ಲ. ಅವನ ಮುಖ ಬಿಳುಚಿಕೊಂಡಿತು. ಆರ್ಡಿತ್ ಬಾಗಿಲ ಪಕ್ಕ ಜಲ್ಲಿಯ ಮೇಲೆ ಮಂಡಿಯೂರಿ, ಅವನ ಕಾಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಎರಡೂ ಅಂಗೈಗಳನ್ನು ಪೆಡಲ್ ಮೇಲಿಟ್ಟು ಮೈಭಾರ ಬಿಟ್ಟು ತಳಕ್ಕೆ ಒತ್ತಿದಳು. "ಹೂಂ," ಎಂದಳು, "ಈಗ ಎರಡರಿಂದ."

ಮೇಲೆ, ಗೇರಿನ ಕೋಲು ಕೆಳಗೆ ಹೋದದ್ದು ಕೇಳಿಸಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪೆಡಲಿನ ಕಬ್ಬಿಣದ ಮೂಲಕ ಅವಳ ಕೈಗೆ ಒಂದು ಸಣ್ಣ ತಟ್ಟು ಬಂತು. ಸದ್ದಿಲ್ಲ.

"ಅಯ್ಯೋ!" ಎಂದ ವರ್ಲಿನ್. ಅವನು ನಗುತ್ತಿದ್ದ. ಅಷ್ಟು ದೊಡ್ಡ ಗಂಡಸು, ಐವತ್ತೈದು ವರ್ಷದವನು, ಹುಡುಗನ ಹಾಗೆ. "ಇಷ್ಟೇನಾ ಇದು?"

ನಿಂತ ಕಾರಿನಲ್ಲಿ ಎಲ್ಲರಿಗೂ ಬೀಳುತ್ತದೆ, ಓಡುವಾಗ ಗೊತ್ತಾಗುವುದು, ಎನ್ನಲು ಅವಳು ಬಾಯಿ ತೆರೆದಳು, ತೆರೆದು ಮುಚ್ಚಿದಳು. ಓಡುವಾಗ ಇದು ಹೇಗಿರುತ್ತದೆಂದು ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಬೆನ್ನಿಗೆ ಬೀಳುವ ಆ ಎರಡನೆಯ ಗುದ್ದು ಅವನಿಗೆ ಸಿಗುವುದಿಲ್ಲ. ತನ್ನ ಅಣ್ಣನ ಮೊಣಕಾಲು ಹೋಗಿದೆ ಎಂದು ಆರ್ಡಿತ್‌ಗೆ ಮೊದಲ ಸಲ ಅಳುವಷ್ಟು ದುಃಖವಾಯಿತು.

"ವರ್ಲಿನ್, ಸೋಮವಾರದ್ದು ಏನಾದ್ರೂ ಹೇಳು," ಎಂದ ಗೇಲನ್, ಊರುಗೋಲು ಹಿಡಿದುಕೊಂಡೇ.

"ಸೋಮವಾರ ಬರ್ಬೇಡ," ಎಂದ ವರ್ಲಿನ್, ಅವನ ಕಡೆ ನೋಡದೆ. "ಈ ಗೇರು ಎಲ್ಲಿಗೂ ಹೋಗಲ್ಲ. ಆರ್ಡಿ, ಬಿಡ್ಬೇಡ ಕಣೇ. ಒತ್ತಿ ಹಿಡ್ಕೋ. ಇನ್ನೊಂದ್ಸಲ."